ಕಿವಿ ಸಿಗದ ಮೂರು ಕುರಿ

1995ರ ಡಿಸೆಂಬರ್ ಮೊದಲ ವಾರದಲ್ಲಿ, ನಾಗಮಂಗಲ ತಾಲ್ಲೂಕಿನ ದಕ್ಷಿಣದ ಅಂಚಿಗೆ, ಪಾಂಡವಪುರ ತಾಲ್ಲೂಕಿಗೆ ತಾಗಿಕೊಂಡಿರುವ ಕುರುಚಲು ಕಾಡಿನಲ್ಲಿ ಒಂದು ಮಂದೆಯಿಂದ ಮೂರು ಕುರಿಗಳು ಕಾಣೆಯಾದವು. ತೋಳ ಹೊತ್ತುಕೊಂಡು ಹೋಯಿತು ಎಂದು ಕುರಿಗಾರ ಹೇಳಿದ. ಅವನೇ ತೆಂಡೇಕೆರೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ್ದಾನೆ ಎಂದು ಮಂದೆಯ ಒಡೆಯ ಹೇಳಿದ.

ನಾನು ಆಗ ಮೈಸೂರಿನ ದಿನಪತ್ರಿಕೆಯೊಂದಕ್ಕೆ ಶ್ರೀರಂಗಪಟ್ಟಣದಿಂದ ವರದಿ ಮಾಡುತ್ತಿದ್ದೆ. ಅಲ್ಲಿಗೆ ಹೋದದ್ದು ಕುರಿಗಳ ವಿಚಾರಕ್ಕಲ್ಲ. ಪಾಂಡವಪುರದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಉಪನ್ಯಾಸಕರೊಬ್ಬರು ಹಿಂದಿನ ಚಳಿಗಾಲ ರಾಜಸ್ಥಾನದ ಮರುಭೂಮಿ ಉದ್ಯಾನದಲ್ಲಿ ಡೇರೆ ಹಾಕಿಕೊಂಡಿದ್ದು, ಮರಳಿನ ಮೇಲೆ ಬಿದ್ದ ಹೆಜ್ಜೆ ನೋಡಿ ಪ್ರಾಣಿಯನ್ನು ಗುರುತಿಸುವ ಕೆಲಸ ಕಲಿತು ಬಂದಿದ್ದರು. ಅಂಥದೇ ಶಿಬಿರವನ್ನು ಈ ಸಲ ನಮ್ಮಲ್ಲೇ ಮಾಡಬೇಕೆಂಬುದು ಅವರ ಹಟ. “ಈ ಜಿಲ್ಲೆ ಅಂದ್ರೆ ನಾಲೆ, ಭತ್ತ, ಕಬ್ಬು ಅಂತಷ್ಟೇ ಬರೀತೀರಿ. ನಮ್ಮಲ್ಲೂ ಒಂದು ಮರುಭೂಮಿ ಇದೆ. ಬಂದು ಒಂದು ವಾರ ಇದ್ದು ನೋಡಿ,” ಎಂದು ಕರೆದರು. ಅಲ್ಲಿ ತೋಳ ಇರುವುದು ಖಚಿತವಾದರೆ ಆ ಕಾಡನ್ನು ಹತ್ತಿರದ ವನ್ಯಧಾಮಕ್ಕೆ ಸೇರಿಸುವಂತೆ ಅರ್ಜಿ ಕೊಡುವ ಉದ್ದೇಶ ಅವರಿಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಉತ್ತರ ಮೊದಲೇ ಬೇಕಾಗಿರುವವರು ಹುಡುಕಲು ಹೊರಟಾಗ ಜೊತೆಗೆ ಹೋಗುವವನು ಎಚ್ಚರದಲ್ಲಿರಬೇಕು ಎಂಬುದನ್ನು ನಾನೂ ಮರೆಯಲಿಲ್ಲ.

ಮೈಸೂರಿನ ಡೆಸ್ಕಿನಲ್ಲಿದ್ದ ಹಿರಿಯರು ಫೋನಿನಲ್ಲಿ ಹೇಳಿದ್ದು ಎರಡೇ ಮಾತು. “ತೋಳ ಇದ್ರೆ ಬರಿ. ಇದೆಯಂತೆ ಅಂತ ಬರೀಬೇಡ.”

ಉಪನ್ಯಾಸಕರ ನಿಸರ್ಗ ಸಂಘದವರೆಲ್ಲ ಬರುವುದಾಗಿ ಒಪ್ಪಿಕೊಂಡಿದ್ದರು. ಕಬ್ಬು ಕಡಿಯುವ ಕಾಲ. ಕಾರ್ಖಾನೆಯಿಂದ ಕಟಾವಿಗೆ ಅನುಮತಿ ಬಂದ ಕೂಡಲೇ ಒಬ್ಬೊಬ್ಬರೇ ಜಾರಿಕೊಂಡರು. ಕೊನೆಗೆ ಉಳಿದವರು ಅವರು, ನಾನು ಮತ್ತು ಅಡುಗೆಯವನು. ಅಡುಗೆಯವನು ಕೆ.ಆರ್.ಎಸ್.ನ ಸಣ್ಣ ಹೋಟೆಲೊಂದರಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವನು. ಪಾಂಡವಪುರದಿಂದ ಜಕ್ಕನಹಳ್ಳಿ ಕ್ರಾಸಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ರಾಗಿ ಹುಲ್ಲು ತರಲು ಹೊರಟಿದ್ದ ಒಂದು ಟ್ರಾಕ್ಟರಿನ ಟ್ರೈಲರಿನಲ್ಲಿ ಹೋದೆವು. ಕಾಲೇಜಿನ ಎನ್‌ಸಿಸಿಯವರಿಂದ ಎರವಲು ತಂದ ಡೇರೆಯ ಮೇಲೆ ಕುಳಿತ ಅಡುಗೆಯವನು ದಾರಿಯುದ್ದಕ್ಕೂ ಎರಡೂ ಕಡೆ ನೋಡಿ ಕೇಳಿದ, “ಮೇಷ್ಟ್ರೇ, ಇಲ್ಲಿ ತೋಳ ತಾನೇ ಯಾಕಿದ್ದಾತು? ಅದ್ಕೂ ನೀರು ನೆಳ್ಳು ಬ್ಯಾಡ್ವಾ?”

ನೀರಿತ್ತು, ಒಂದೇ ಕಡೆ. ಬಂಡೆಗಳ ನಡುವೆ ಮಳೆನೀರು ನಿಲ್ಲುವ ಸಣ್ಣ ಕಟ್ಟೆ. ಉಳಿದಂತೆ ಜಾಲಿ, ಕಾರೆ, ತಂಗಡಿ, ಮೊಣಕಾಲುದ್ದದ ಒಣ ಹುಲ್ಲು, ಕಾಲಿಟ್ಟಲ್ಲೆಲ್ಲ ಗರುಸು ಕಲ್ಲು. ಹಗಲು ಬೆವರು, ಸೂರ್ಯ ಮುಳುಗಿದರೆ ಹಲ್ಲು ಕಟಕಟಿಸುವ ಮಾಗಿ ಚಳಿ. ಕಟ್ಟೆಗೆ ಒಂದು ಕೂಗಿನಷ್ಟು ದೂರದಲ್ಲಿ, ಬಂಡೆಯ ಮರೆಗೆ ಡೇರೆ ಹಾಕಿದೆವು.

ಕಾಣೆಯಾದ ಕುರಿಗಳ ವಿಚಾರ ಮೊದಲ ಬೆಳಿಗ್ಗೆಯೇ ನಮ್ಮನ್ನು ಹುಡುಕಿಕೊಂಡು ಬಂತು. ಕಟ್ಟೆಯ ಬಳಿ ಮಂದೆ ತಂದ ಕುರಿಗಾರ ನಮ್ಮ ಒಲೆಯ ಹೊಗೆ ನೋಡಿ ಬಂದು, ಕಂಬಳಿ ಹೊದ್ದು ದೂರದಲ್ಲೇ ನಿಂತ. ಐವತ್ತರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ನಾವು ಬಂದ ಕಾರಣ ಕೇಳಿ ಅವನ ಮುಖ ಅರಳಲಿಲ್ಲ. ನಾನು ನಿರೀಕ್ಷಿಸಿದ್ದು ಬೇರೆ. ತೋಳ ಹುಡುಕುವವರು ಬಂದರೆ ಅವನಿಗೆ ಸಂತೋಷವಾಗಬೇಕಿತ್ತು.

ಕಾರಣ ತಿಳಿಯಲು ಆ ಸೀಮೆಯ ವಾರದ ಪದ್ಧತಿ ತಿಳಿಯಬೇಕು. ಕುರಿಗಳು ಅವನವಲ್ಲ. ಪಕ್ಕದ ಊರಿನ ಜಮೀನ್ದಾರರೊಬ್ಬರು ಮಂದೆಯನ್ನು ಅವನಿಗೆ ವಾರಕ್ಕೆ ಕೊಟ್ಟಿದ್ದರು. ಮೇಯಿಸಿ ಸಾಕುವುದು ಇವನು, ಹುಟ್ಟಿದ ಮರಿಗಳಲ್ಲಿ ಅರ್ಧ ಇವನಿಗೆ, ಅರ್ಧ ಒಡೆಯನಿಗೆ. ಒಡೆಯನ ಕುರಿಗಳ ಎಡಗಿವಿಯಲ್ಲಿ ಅವರ ಮನೆಯ ಗುರುತಿನ ಸೀಳು ಇರುತ್ತದೆ. ಕುರಿ ಸತ್ತರೆ ಆ ಕಿವಿಯನ್ನು ಕೊಯ್ದು ತಂದು ಒಡೆಯನ ಕೈಗೆ ಕೊಡಬೇಕು. ಕಿವಿ ತಂದರೆ ಕುರಿ ಸತ್ತಿದೆ. ಕಿವಿ ತರದಿದ್ದರೆ ಕುರಿ ಎಲ್ಲೋ ಬದುಕಿದೆ, ಅಂದರೆ ಮಾರಾಟವಾಗಿದೆ. ರೋಗಕ್ಕೆ, ಹಾವಿಗೆ, ಕಂದಕಕ್ಕೆ ಬಿದ್ದದ್ದಕ್ಕೆ ಎಲ್ಲ ಇದೇ ನ್ಯಾಯ. ತೋಳ ಇಡೀ ಕುರಿಯನ್ನು ಎಳೆದುಕೊಂಡು ಹೋಗಿಬಿಟ್ಟರೆ ಏನು ಎಂಬ ಪ್ರಶ್ನೆಗೆ ಆ ನ್ಯಾಯದಲ್ಲಿ ಜಾಗವಿರಲಿಲ್ಲ. ಈ ಮೂರಕ್ಕೆ ಕಿವಿ ಸಿಕ್ಕಿರಲಿಲ್ಲ. ಮಂದೆಯನ್ನು ವಾಪಸು ಹೊಡೆದುಕೊಳ್ಳುವುದಾಗಿ ಒಡೆಯ ಹೇಳಿಯಾಗಿತ್ತು. ಒಬ್ಬರು ಕಳ್ಳನೆಂದು ಬಿಡಿಸಿದ ಕುರಿಗಾರನಿಗೆ ಇನ್ನೊಬ್ಬರು ಯಾರೂ ಮಂದೆ ಕೊಡುವುದಿಲ್ಲ.

“ಅಂಗಾದ್ರೆ ತೋಳದ ಹೆಜ್ಜೆ ಸಿಕ್ಕಿದ್ರೆ ನಿನಗೆ ಒಳ್ಳೇದೇ ಅಲ್ವೇನಪ್ಪ?” ಎಂದು ಉಪನ್ಯಾಸಕರು ಕೇಳಿದರು.

ಕುರಿಗಾರ ಅವರನ್ನು ಮೇಲಿನಿಂದ ಕೆಳಗೆ ನೋಡಿದ. “ತೋಳ ಸಿಕ್ಕಿದ್ರೆ ನೀವು ಬೇಲಿ ಆಕ್ಸಲ್ವಾ ಸಾಮಿ? ತೋಳ ಅದೆ ಅಂದ್ರೆ ಮೇವು ಓಯ್ತದೆ. ಇಲ್ಲ ಅಂದ್ರೆ ಮಾನ ಓಯ್ತದೆ. ನೀವೇ ಏಳಿ, ನಾನ್ ಯಾವ್ದು ಕೇಳ್ಲಿ?”

ಅಡುಗೆಯವನು ಅವನನ್ನು ಕರೆದು ಟೀ ಕೊಟ್ಟ.

ಕೆಲಸ ಹೀಗಿತ್ತು. ಮರುಭೂಮಿಯಲ್ಲಿ ಮರಳೇ ಹೆಜ್ಜೆ ಹಿಡಿದುಕೊಳ್ಳುತ್ತದೆ. ನಮ್ಮ ಗರುಸು ನೆಲದಲ್ಲಿ ಆನೆ ನಡೆದರೂ ಗುರುತು ನಿಲ್ಲುವುದಿಲ್ಲ. ಆದ್ದರಿಂದ ಪ್ರಾಣಿಗಳು ನೀರಿಗೆ ಬರುವ ಕಾಲುದಾರಿಗಳಲ್ಲಿ ಒಂದೊಂದು ಮಂಚದಷ್ಟು ಅಗಲ ನೆಲ ಕೆರೆದು, ಕಲ್ಲು ಆರಿಸಿ, ಕೆಮ್ಮಣ್ಣನ್ನು ಜರಡಿ ಹಿಡಿದು ಬೆರಳುದ್ದ ದಪ್ಪಕ್ಕೆ ಹರಡಿದೆವು. ಹಲಗೆಯಿಂದ ಸಮ ಮಾಡಿದೆವು. ದೂರದಿಂದ ಕಾಣಲೆಂದು ಸುತ್ತ ಸುಣ್ಣದ ಪುಡಿಯಿಂದ ಗೆರೆ ಎಳೆದೆವು. ನಡುವೆ ವಾಸನೆಗೆಂದು ಒಂದು ಹಿಡಿ ಕೋಳಿಯ ಕರುಳು. ಬೆಳಿಗ್ಗೆ ಬಿಸಿಲು ಏರುವ ಮೊದಲು ಹೋಗಿ ನೋಡುವುದು, ಬಿದ್ದ ಹೆಜ್ಜೆಯನ್ನು ಅಳೆಯುವುದು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು. ಹೋಲಿಸಿ ನೋಡಲು ಉಪನ್ಯಾಸಕರು ಮೃಗಾಲಯದ ತೋಳವೊಂದರ ಬಲ ಮುಂಗಾಲಿನ ಅಚ್ಚನ್ನು ತಂದಿದ್ದರು. ಬಿಳಿ ಪ್ಲಾಸ್ಟರಿನದು, ಅಂಗೈಯಷ್ಟು ದೊಡ್ಡದು. ಹಿಮ್ಮಡಿಯ ಕಡೆ ಒಂದು ಚೂರು ಮುಕ್ಕಾಗಿತ್ತು. ಕುರಿಗಾರನೂ ಟೀ ಕುಡಿಯುತ್ತ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ್ದ.

ಮಣ್ಣು ಹರಡಿದ ಮೇಲಿನ ಮೊದಲ ಬೆಳಿಗ್ಗೆ ಊರ ನಾಯಿಯ ಹೆಜ್ಜೆ. ಎರಡನೆಯ ಬೆಳಿಗ್ಗೆ ಗೌಜಲು ಹಕ್ಕಿಗಳು ಧೂಳಿನಲ್ಲಿ ಮಿಂದೆದ್ದ ಗುರುತು, ಒಂದು ಜೊತೆ ಎಕ್ಕಡದ ಗುರುತು. ಕಟ್ಟೆಯ ದಾರಿಯಲ್ಲಿ ಏನೋ ದೊಡ್ಡದು ದಾಟಿದ್ದೇನೋ ನಿಜ. ಆದರೆ ಬೆಳಗಿನ ಜಾವದ ಗಾಳಿಗೆ ಒಣ ಹುಡಿ ಜಾರಿ ಹೆಜ್ಜೆಯ ಅಂಚುಗಳೆಲ್ಲ ಕುಸಿದುಹೋಗಿದ್ದವು. “ನಾಯಿಯೂ ಇರಬಹುದು, ನರಿಯೂ ಇರಬಹುದು, ತೋಳವೂ ಇರಬಹುದು,” ಎಂದರು ಉಪನ್ಯಾಸಕರು.

“ಕರುವೂ ಇರ್ಬೋದು,” ಎಂದ ಅಡುಗೆಯವನು.

ಎಕ್ಕಡ ಯಾರದೆಂದು ಸಂಜೆಗೆ ತಿಳಿಯಿತು. ಮಂದೆಯ ಒಡೆಯ ತಾವೇ ಡೇರೆಗೆ ಬಂದರು. ಅಚ್ಚುಕಟ್ಟಾಗಿ ಪಂಚೆ ಉಟ್ಟ, ಮಾತಿಗೆ ಮೊದಲು ಸುತ್ತ ಕಣ್ಣಾಡಿಸುವ ಮನುಷ್ಯ. ಡೇರೆಯ ಒಳಗಿದ್ದ ಜರಡಿ, ಗುದ್ದಲಿ, ಸುಣ್ಣದ ಚೀಲ, ಪ್ಲಾಸ್ಟರಿನ ಡಬ್ಬ ಎಲ್ಲವನ್ನೂ ನೋಡಿದರು.

“ಊರಲ್ಲಿ ಜನ ಒಂಥರಾ ಮಾತಾಡ್ತಾವ್ರೆ ಮೇಷ್ಟ್ರೇ.”

“ಏನಂತ ಗೌಡ್ರೇ?”

“ನಿಧಿ ತೆಗಿಯಕೆ ಬಂದವ್ರೆ ಅಂತ. ಗುದ್ದಲಿ, ಸುಣ್ಣದ ಮನೆ, ಕೋಳಿ ಕರುಳು. ನೀವು ಓದ್ದೋರು, ನಾನು ನಂಬ್ನಿಲ್ಲ ಅನ್ನಿ.” ಸ್ವಲ್ಪ ತಡೆದು ಕೇಳಿದರು, “ಅದ್ಸರಿ, ಅಗೆಯೋದು ಯಾವತ್ತು?”

ಉಪನ್ಯಾಸಕರು ವಿಧಾನವನ್ನೆಲ್ಲ ವಿವರಿಸಿದರು. ಒಡೆಯ ಕೇಳಿಸಿಕೊಂಡು ತಲೆಯಾಡಿಸಿ, ನನ್ನ ಕಡೆ ತಿರುಗಿದರು. “ಪೇಪರ್‌ನೋರೇ, ಇಲ್ಲಿ ತೋಳ ಇಲ್ಲ. ನಮ್ಮಪ್ಪನ ಕಾಲ್ದಲ್ಲಿ ಇತ್ತು. ಈಗಿರೋದು ಎರಡು ಕಾಲಿಂದು. ಅದೂ ಕಂಬಳಿ ಹೊದ್ಕೊಂಡು ತಿರುಗ್ತದೆ. ಬರಿಯಂಗಿದ್ರೆ ಅದ್ನ ಬರೀರಿ.”

ಅವರಿಗೂ ಉತ್ತರ ಮೊದಲೇ ಬೇಕಿತ್ತು. ತೋಳ ಇಲ್ಲದಿದ್ದರೆ ಕುರಿಗಾರ ಕಳ್ಳ, ಮಂದೆ ವಾಪಸು. ಉಪನ್ಯಾಸಕರಿಗೆ ತೋಳ ಬೇಕು. ಕುರಿಗಾರನಿಗೆ ತೋಳ ಬೇಕು, ಬೇಡ. ಮೂವರಲ್ಲಿ ಯಾರ ಮಾತನ್ನೂ ಹಾಗೇ ಬರೆದುಕೊಳ್ಳುವಂತಿರಲಿಲ್ಲ.

ಮೂರನೆಯ ಬೆಳಿಗ್ಗೆ ಕುರಿಗಾರನ ಕೂಗು ಕೇಳಿ ಎದ್ದೆವು. ಕಟ್ಟೆಯ ದಾರಿಯ ಮಣ್ಣಿನಲ್ಲಿ ಹೆಜ್ಜೆಗಳು ಬಿದ್ದಿದ್ದವು. ಸ್ಪಷ್ಟ, ಆಳ, ಉಗುರು ಸಮೇತ. ಉಪನ್ಯಾಸಕರು ಮಂಡಿಯೂರಿ ಕುಳಿತು ಒಮ್ಮೆ ನೋಡಿದ್ದೇ, “ತೋಳ. ಅನುಮಾನವೇ ಇಲ್ಲ,” ಎಂದರು. ಕುರಿಗಾರ ಅಷ್ಟು ಕೇಳಿದವನು ಕಂಬಳಿಯನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದ, ಒಡೆಯನಿಗೆ ಹೇಳಲು. ಬೇಲಿಯ ಭಯ ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು.

ಉಪನ್ಯಾಸಕರು ಪ್ಲಾಸ್ಟರ್ ಕಲಸಲು ಶುರು ಮಾಡಿದರು. ನಾನು ನೋಡುತ್ತ ಕುಳಿತೆ. ಸುದ್ದಿಮನೆಯಲ್ಲಿ ನಮಗೆ ಕಲಿಸಿದ ಪಾಠವೆಂದರೆ, ಕೇಳಿದ್ದೆಲ್ಲ ಒಂದೇ ಸಲಕ್ಕೆ ಸಿಕ್ಕಿದರೆ ಇನ್ನೊಮ್ಮೆ ಓದು ಎಂಬುದು. ಹೆಜ್ಜೆಗಳು ಒಂದರ ಮುಂದೊಂದು ನೇರವಾಗಿದ್ದವು. ಎಲ್ಲವೂ ಬಲ ಮುಂಗಾಲು. ಎಡಗಾಲಿಲ್ಲ, ಹಿಂಗಾಲಿಲ್ಲ. ಪ್ರತಿಯೊಂದರ ಹಿಮ್ಮಡಿಯಲ್ಲೂ ಒಂದೇ ಕಡೆ ಒಂದೇ ಆಕಾರದ ಮುಕ್ಕು.

“ಮೇಷ್ಟ್ರೇ, ನಿಮ್ಮ ಮೃಗಾಲಯದ ಅಚ್ಚು ತನ್ನಿ,” ಎಂದೆ.

ತಂದರು. ಅದರ ಮುಕ್ಕಿನ ಸಂದಿಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಮೊದಲ ಹೆಜ್ಜೆಯ ಮೇಲಿಟ್ಟರು. ಪೆಟ್ಟಿಗೆಯ ಮುಚ್ಚಳದಂತೆ ಕೂತಿತು. ಕಲಸಿದ ಪ್ಲಾಸ್ಟರ್ ಬೋಗುಣಿಯಲ್ಲೇ ಗಟ್ಟಿಯಾಯಿತು.

ನಾನು ಉಪನ್ಯಾಸಕರನ್ನೇ ಅನುಮಾನಿಸಿದೆ. ಅದು ಅವರಿಗೆ ಗೊತ್ತಾಯಿತು. “ನಾನು ಮಾಡಿದ್ದಿದ್ರೆ ನಾಲ್ಕು ಕಾಲಿಂದು ಮಾಡ್ತಿದ್ದೆ,” ಎಂದರು ಸಿಟ್ಟಿನಿಂದ. ಆ ಮಾತಿನಲ್ಲಿ ಅರ್ಥವಿತ್ತು. “ಆ ಕುರಿಯವನದೇ ಕೆಲಸ. ಅಚ್ಚನ್ನ ತಿರುಗಿಸಿ ತಿರುಗಿಸಿ ನೋಡ್ತಿದ್ದ, ನೆನಪಿಲ್ವಾ? ಕಳ್ಳತನ ಮುಚ್ಚಿಕೊಳ್ಳೋಕೆ ಇಷ್ಟು ಮಾಡಿದಾನೆ. ಒಡೆಯರು ಹೇಳಿದ್ದೇ ಸರಿ.”

ಒಲೆಯ ಮುಂದಿದ್ದ ಅಡುಗೆಯವನು ಸೌಟು ಕೆಳಗಿಟ್ಟ. “ಅವನಲ್ಲ ಮೇಷ್ಟ್ರೇ. ನಾನು.”

ಇಬ್ಬರೂ ಅವನತ್ತ ತಿರುಗಿದೆವು.

“ನೀವು ದಿನಾ ಬೆಳಿಗ್ಗೆ ಆ ಮಣ್ಣ ನೋಡ್ಕೊಂಡು, ಸಾವಿನ ಮನೇಲಿ ಕೂತಂಗೆ ಕೂತ್ಕತಿದ್ರಿ. ಒಂದು ತೋಳ ಬುಟ್ರೆ ಎಲ್ರೂ ಮನೆಗೋಗ್ಬೋದಲ್ಲ ಅಂತ ಬುಟ್ಟೆ. ಕೆಆರೆಸ್ಸಲ್ಲಿ ರಜದ ಜನ ಮುಗಿಬೀಳ್ತಾವ್ರೆ. ನಾನಿಲ್ಲಿ ಚಳೀಲಿ ನಿಮ್ಮಿಬ್ರಿಗೆ ಉಪ್ಪಿಟ್ಟು ಕೆದಕ್ತಾ ಕೂತಿವ್ನಿ.”

“ಒಂದೇ ಕಾಲಲ್ಲಿ ಯಾವ ತೋಳ ನಡೆಯುತ್ತಯ್ಯಾ?”

“ನೀವು ತಂದಿದ್ದು ಒಂದೇ ಕಾಲಲ್ವಾ? ನಾಕು ತಂದಿದ್ರೆ ನಾಕೂ ಒತ್ತಿರೋನು.”

ಉಪನ್ಯಾಸಕರು ನನ್ನನ್ನು ಪಕ್ಕಕ್ಕೆ ಕರೆದರು. ಮಣ್ಣನ್ನು ಅಳಿಸಿಬಿಡೋಣ, ಗಾಳಿಗೆ ಹೋಯಿತು ಎನ್ನೋಣ, ಇದು ನಡೆದೇ ಇಲ್ಲ ಎಂದುಕೊಳ್ಳೋಣ ಎಂದರು. ಅವರು ಹೇಳಿದ ಕಾರಣ ಸಣ್ಣದಾಗಿರಲಿಲ್ಲ. ಈ ಒತ್ತಿದ ಹೆಜ್ಜೆಯ ಸಂಗತಿ ಹೊರಗೆ ಬಂದರೆ ಮುಂದೆ ನಿಜವಾದ ಹೆಜ್ಜೆ ಸಿಕ್ಕರೂ ಯಾರೂ ನಂಬುವುದಿಲ್ಲ. ಅವರ ಅರ್ಜಿ ಹೋಯಿತು. ಕುರಿಗಾರನಿಗೆ ಇದ್ದ ಒಂದು ದಾರಿಯೂ ಹೋಯಿತು. ಆದರೆ ಕುರಿಗಾರ ಆಗಲೇ ಊರಿಗೆ ಓಡಿದ್ದ. ಒಡೆಯ ಬಂದು ನೋಡಿದರೆ ನನಗೆ ಕಂಡದ್ದು ಅವರಿಗೂ ಕಾಣುತ್ತದೆ. ಆಗ ಕಳ್ಳನೆನಿಸಿಕೊಳ್ಳುವವನು ಅಡುಗೆಯವನಲ್ಲ.

ಅಚ್ಚನ್ನು ಟವಲಿನಲ್ಲಿ ಸುತ್ತಿಕೊಂಡು ನಾನು ಊರಿಗೆ ಹೊರಟೆ. ದಾರಿಯಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಅಚ್ಚು ಡೇರೆಯಲ್ಲಿರುವವರೆಗೆ ಡೇರೆಯಲ್ಲಿರುವ ಪ್ರತಿಯೊಬ್ಬನ ಮೇಲೂ ಅನುಮಾನ ಇರುತ್ತದೆ. ಇಲ್ಲಿ ತೋಳವೇ ಇಲ್ಲ ಎಂದು ಗಟ್ಟಿಯಾಗಿ ಹೇಳುವ ಮನುಷ್ಯ ಒಬ್ಬರೇ. ಅಚ್ಚು ಅವರ ಬಳಿಯೇ ಇರಬೇಕು.

ಒಡೆಯರ ಜಗುಲಿಯ ಮೇಲೆ ಕುರಿಗಾರ ಕುಳಿತಿದ್ದ, ಅವನಿಗೆ ಬೆಲ್ಲ ನೀರು ಕೊಟ್ಟಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಅಡುಗೆಯವನ ಹೆಸರು ಸಮೇತ. ಅಚ್ಚನ್ನು ಒಡೆಯರ ಮುಂದಿಟ್ಟೆ. “ಇದನ್ನು ನೀವು ಬೀಗ ಹಾಕಿ ಇಟ್ಟುಕೊಳ್ಳಿ. ಮೇಷ್ಟ್ರು ಕೇಳಿದರೂ ಕೊಡಬೇಡಿ, ನಾನು ಕೇಳಿದರೂ ಕೊಡಬೇಡಿ.”

ಒಡೆಯರು ಅಚ್ಚನ್ನು ಹಗಲ ಬೆಳಕಿಗೆ ಹಿಡಿದು ನೋಡಿದರು. ನಕ್ಕರು. “ಅಲ್ಲ ಕಣ್ಲಾ, ತೋಳ ಬಂತು ಅಂತ ಎದೆ ಬಡ್ಕೊಂಡು ಬಂದ್ಯಲ್ಲ, ಇಗೋ ನಿನ್ ತೋಳ. ಸುಣ್ಣದ್ದು.” ಭಾನುವಾರ ಬೆಳಿಗ್ಗೆ ಅರಳಿಕಟ್ಟೆಯ ಬಳಿ ನಾಲ್ಕು ಜನರ ಮುಂದೆ ಮಂದೆ ತಂದು ನಿಲ್ಲಿಸಬೇಕೆಂದು ಅಲ್ಲೇ ಹೇಳಿದರು. ಅಂದು ಶುಕ್ರವಾರ.

ಕುರಿಗಾರ ಬೆಲ್ಲ ನೀರಿನ ಲೋಟವನ್ನು ಕೆಳಗಿಟ್ಟು ನನ್ನ ಜೊತೆ ಬೀದಿಗೆ ಇಳಿದ. “ನಾನೇನ್ ಅನ್ಯಾಯ ಮಾಡಿದ್ದೆ ಸಾ ನಿಮ್ಗೆ? ಕತ್ತು ಕುಯ್ದ್‌ಬುಟ್ರಲ್ಲ.” ಅವನು ಕುರಿ ಮಾರಿರಬಹುದೆಂಬ ಅನುಮಾನ ಆ ಹೊತ್ತಿನವರೆಗೂ ನನಗೆ ಪೂರ್ತಿ ಹೋಗಿರಲಿಲ್ಲ.

ಮನೆಯೊಳಗಿಂದ ಇದನ್ನೆಲ್ಲ ಕೇಳಿಸಿಕೊಂಡವರು ಒಡೆಯರ ತಾಯಿ. ಆ ವಿಷಯ ನನಗೆ ಮರುದಿನ ತಿಳಿಯಿತು. ಬಿಳಿ ಕಾಲು ಮನೆಯೊಳಗೆ ಬಂದದ್ದೇ ಆ ಮುದುಕಿಗೆ ತಡೆಯಲಾಗಲಿಲ್ಲ. ಮಗ ಅದನ್ನು ರಾಗಿ ಕಣಜದ ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡರು. ಈಕೆ ಅದಕ್ಕೆ ಒಪ್ಪದೆ ಸಂಜೆಯವರೆಗೆ ಜಗಳವಾಡಿ, ಕೊನೆಗೆ ಹೊಲದ ಕಡೆ ಹೊರಟರು. ಅವರ ರಾಗಿ ಕಣ ಕಟ್ಟೆಯ ದಾರಿಯಲ್ಲೇ ಇತ್ತು. ಒಕ್ಕಣೆಗೆ ಮುನ್ನ ಕಣ ಸಾರಿಸಲೆಂದು ಸಗಣಿ ನೀರು ಕಲಸಿ ಇಟ್ಟಿದ್ದರು.

ನಾವು ಅತ್ತ ಶಿಬಿರ ಕೀಳಲಿಲ್ಲ. ಉಪನ್ಯಾಸಕರು ಹೊರಟೇಬಿಡುವ ಮನಸ್ಸಿನಲ್ಲಿದ್ದರು. ಭಾನುವಾರದವರೆಗೆ ಇರೋಣ ಎಂದು ನಾನು ಹಿಡಿದು ನಿಲ್ಲಿಸಿದೆ. ಅವರು ಕಟ್ಟೆಯ ದಾರಿಯ ಮಣ್ಣನ್ನು ಮತ್ತೆ ಜರಡಿ ಹಿಡಿದು ಹರಡಿದರು, ಸುಣ್ಣದ ಗೆರೆ ಎಳೆದರು, ಕರುಳು ಇಟ್ಟರು. ಅಡುಗೆಯವನು ಅಂದು ಕೇಳದೆಯೇ ಎರಡು ಸಲ ಟೀ ಮಾಡಿದ.

ಶನಿವಾರ ಬೆಳಿಗ್ಗೆ ಕಟ್ಟೆಯ ದಾರಿಗೆ ಹೋದಾಗ ಮೊದಲು ಬಂದದ್ದು ವಾಸನೆ. ಸುಣ್ಣದ ಗೆರೆ ಕಲಸಿಹೋಗಿತ್ತು. ಜರಡಿ ಹಿಡಿದ ಮಣ್ಣಿನ ಮೇಲೆಲ್ಲ ಯಾರೋ ಸಗಣಿ ನೀರು ಹುಯ್ದಿದ್ದರು. “ಊರವರು ಹಾಳು ಮಾಡಿಬಿಟ್ಟರು,” ಎಂದರು ಉಪನ್ಯಾಸಕರು. ತಿರುಗಿ ಹೊರಡಲು ಹೆಜ್ಜೆ ಎತ್ತಿದವರು ಹಾಗೆಯೇ ನಿಂತರು.

ಸಗಣಿ ನೀರು ಕುಡಿದ ಕೆಮ್ಮಣ್ಣು ಸಾರಿಸಿದ ಕಣದ ಹಾಗೆ ನಯವಾಗಿ, ಮೆತ್ತಗೆ ಕೂತಿತ್ತು. ಅದರ ಮೇಲೆ, ಪೊದೆಯ ಕಡೆಯಿಂದ ಬಂದ ಹೆಜ್ಜೆಗಳಿದ್ದವು. ಬಲಗಾಲು, ಎಡಗಾಲು, ಮುಂಗಾಲಿನ ಗುರುತಿನ ಮೇಲೇ ಬಿದ್ದ ಹಿಂಗಾಲು. ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿದ್ದವು. ಒಂದೇ ದಾರ ಹಿಡಿದು ನಡೆದ ಹಾಗೆ ನೇರವಾದ ಸಾಲು. ಕರುಳಿಗೆ ಒಂದು ಮೊಳ ದೂರದವರೆಗೆ ಬಂದು, ಅಲ್ಲಿ ಮುಂಗಾಲೆರಡನ್ನೂ ಜೊತೆಗಿಟ್ಟು ನಿಂತು, ಬಂದ ದಾರಿಯಲ್ಲೇ ವಾಪಸು ಹೋಗಿತ್ತು. ಕರುಳನ್ನು ಮುಟ್ಟಿರಲಿಲ್ಲ.

ಉಪನ್ಯಾಸಕರು ಅಚ್ಚಿಗೆಂದು ಪ್ಲಾಸ್ಟರಿನ ಡಬ್ಬಕ್ಕೆ ಕೈ ಹಾಕಿದರು. ಬೇಡ ಎಂದೆ. ಯಾರೂ ಹತ್ತಿರ ಹೋಗಕೂಡದು ಎಂದು ಹೇಳಿ ಅಡುಗೆಯವನನ್ನು ಒಡೆಯರ ಮನೆಗೆ ಕಳುಹಿಸಿದೆ. 

ಒಡೆಯರು ಬಂದರು, ಜೊತೆಗೆ ಊರಿನ ಇಬ್ಬರು ಹಿರಿಯರು. ಮಂದೆ ಬಿಟ್ಟು ಕುರಿಗಾರ ಬಂದ. ಎಲ್ಲರ ಹಿಂದೆ ಕೋಲೂರಿಕೊಂಡು ಒಡೆಯರ ತಾಯಿ ಬಂದರು.

ಒಡೆಯರು ಕುಕ್ಕರಗಾಲಿನಲ್ಲಿ ಕೂತು ಹೆಜ್ಜೆಗಳನ್ನು ಒಂದೊಂದಾಗಿ ನೋಡಿದರು. “ಇನ್ನೊಂದು ಅಚ್ಚು ಇಟ್ಕೊಂಡಿದೀರ.”

“ಡೇರೆ ಜಾಲಾಡಿಸಿ,” ಎಂದೆ. ಇಬ್ಬರು ಹಿರಿಯರು ಹೋಗಿ ಡೇರೆ, ಚೀಲ, ಹಾಸಿಗೆ, ಅಕ್ಕಿ ಮೂಟೆಯವರೆಗೆ ನೋಡಿ ಬಂದರು. ಅಡುಗೆಯವನು ಅವರಿಗೆ ಉಪ್ಪಿನ ಡಬ್ಬವನ್ನೂ ತೆಗೆದು ತೋರಿಸಿದನಂತೆ.

“ಅಂಗಾರೆ ನಿನ್ನೆದೇ ಅಚ್ಚು.”

“ಅದು ಎಲ್ಲಿದೆ ಗೌಡ್ರೇ?”

ಅವರ ಕೈ ತಾನಾಗಿ ಉಡುದಾರದ ಕೀಲಿಯ ಮೇಲೆ ಹೋಯಿತು. ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಒಡೆಯರು ಬಿಡಲಿಲ್ಲ. “ಈ ಸಗಣಿ ನೀರು ಯಾಕೆ ಬಂತು? ಮಣ್ಣು ಮೆತ್ತಗಾಗ್ಲಿ ಅಂತ ನೀವೇ ಉಯ್ದು, ಕೈಲಿ ತಿದ್ದಿದೀರ. ಯಾರು ಉಯ್ದೋರು? ಏಳಿ ನೋಡನ.”

“ನಾನು ಕಣ್ಲಾ,” ಎಂದರು ತಾಯಿ.

ಒಡೆಯರು ತಿರುಗಿ ನೋಡಿದರು.

“ಕಾಲಿನ ಅಚ್ಚಂತೆ, ಕರುಳಂತೆ, ಸುಣ್ಣದ ಮನೆಯಂತೆ. ಅಂಥದ್ನ ತಂದು ನನ್ ಕಣಜದಲ್ಲಿ ಮಡಗ್ದೆ. ನಮ್ ಕಣದ ದಾರೀಲಿ ಮಾಟದ ಮನೆ ಬರ್ದವ್ರೆ, ರಾಸು ದಾಟಿದ್ರೆ ಏನ್ಗತಿ ಅಂತ ಹೊತ್ತು ಮುಳುಗೋ ಮುಂಚೆ ಬಂದು ಉಯ್ದೆ. ಕರುಳ ಮುಟ್ನಿಲ್ಲ. ಅದ್ನ ಮುಟ್ಟಬಾರ್ದು.”

“ಆಗ ಈ ಹೆಜ್ಜೆ ಇತ್ತೇನವ್ವ?” ಎಂದು ಹಿರಿಯರೊಬ್ಬರು ಕೇಳಿದರು.

“ಇದ್ದಿದ್ರೆ ನನ್ ನೀರಿನ ಕೆಳಗಿರ್ತಿತ್ತು. ಮ್ಯಾಲೆ ಯಾಕಿರ್ತದೆ?”

ಒಡೆಯರಿಗೆ ಇನ್ನೊಂದು ಮಾತು ಉಳಿದಿತ್ತು. “ನಾಯಿ ಇರ್ಬೋದಲ್ಲವ್ವ. ನಮ್ ನಾಯಿನೇ ಇರ್ಬೋದು.”

ಮುದುಕಿ ಕೋಲಿನಿಂದ ಕರುಳನ್ನು ತೋರಿಸಿದರು. “ನಿನ್ ನಾಯಿ ಇದ್ನ ಬುಟ್ಟು ಓಯ್ತದಾ? ನನ್ ಕೈಲಿರೋ ರೊಟ್ಟಿನೇ ಬುಡದಿಲ್ಲ ಅದು.”

ಕುರಿಗಾರ ಹೆಜ್ಜೆಗಳನ್ನು ನೋಡುತ್ತಿರಲಿಲ್ಲ, ಒಡೆಯರ ಮುಖವನ್ನೇ ನೋಡುತ್ತಿದ್ದ.

ಒಡೆಯರು ಎದ್ದು ಪಂಚೆಯ ಧೂಳು ಕೊಡವಿದರು. ತೋಳ ಎಂದು ಒಪ್ಪಲಿಲ್ಲ, ತಪ್ಪಾಯಿತು ಎನ್ನಲಿಲ್ಲ. “ಯುಗಾದಿಗಂಟ ಮಂದೆ ಅವನ ತಾವೇ ಇರ್ಲಿ,” ಎಂದು ಹಿರಿಯರಿಗೆ ಹೇಳಿ, ತಾಯಿಯ ಕೈ ಹಿಡಿದುಕೊಂಡು ಕಣದ ಕಡೆ ಹೋದರು. ಭಾನುವಾರ ಅರಳಿಕಟ್ಟೆಯಲ್ಲಿ ಯಾರೂ ಸೇರಲಿಲ್ಲ.

ಬಿಸಿಲಿಗೆ ಮಣ್ಣು ಬಿಗಿದ ಮೇಲೆ ಉಪನ್ಯಾಸಕರು ಅಚ್ಚು ತೆಗೆದರು. ನಾನು ಕ್ರಾಸಿನ ಎಸ್‌ಟಿಡಿ ಬೂತಿನಿಂದ ಡೆಸ್ಕಿಗೆ ಫೋನ್ ಮಾಡಿ ವರದಿ ಓದಿ ಹೇಳಿದೆ. ಒತ್ತಿದ ಹೆಜ್ಜೆಯ ಸಂಗತಿ ಅದರ ಎರಡನೆಯ ಪ್ಯಾರಾದಲ್ಲಿತ್ತು, ಸಗಣಿ ನೀರಿನ ಹೆಜ್ಜೆ ಮೂರನೆಯದರಲ್ಲಿ. “ತೋಳ ಇದೆಯೋ ಇಲ್ವೋ?” ಎಂದು ಡೆಸ್ಕಿನ ಹಿರಿಯರು ಕೇಳಿದರು.

“ಹೆಜ್ಜೆ ಇದೆ,” ಎಂದೆ.

ಅಷ್ಟನ್ನೇ ಬರೆದೆವು. ಚಿತ್ರವಿಲ್ಲದೆ, ಒಳಪುಟದಲ್ಲಿ ಬಂತು. ಉಪನ್ಯಾಸಕರು ಎರಡನೆಯ ಪ್ಯಾರಾಕ್ಕಾಗಿ ನನ್ನೊಡನೆ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಅರ್ಜಿ ಹಾಕಿದರು, ನಾನು ಶ್ರೀರಂಗಪಟ್ಟಣ ಬಿಡುವವರೆಗೆ ಅದಕ್ಕೆ ಉತ್ತರ ಬಂದಿರಲಿಲ್ಲ, ಬೇಲಿಯೂ ಬಂದಿರಲಿಲ್ಲ.

ಮರುವರ್ಷದ ಮಾಗಿಯಲ್ಲಿ ನಾಗಮಂಗಲಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದಾಗ, ಹಿಂದಿನ ವರ್ಷ ಡೇರೆ ಜಾಲಾಡಿದ ಹಿರಿಯರಲ್ಲಿ ಒಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕರು. ಆ ವಾರ ಮಂದೆಯಿಂದ ಇನ್ನೊಂದು ಕುರಿ ಹೋಗಿತ್ತು. ಈ ಸಲ ಕುರಿಗಾರನಿಗೆ ಕಿವಿ ಸಿಕ್ಕಿತ್ತು, ತಂದು ಕೊಟ್ಟನಂತೆ. ಒಡೆಯರು ಅದನ್ನು ಹಗಲ ಬೆಳಕಿಗೆ ಹಿಡಿದು, ತಿರುಗಿಸಿ ಎರಡು ಸಲ ನೋಡಿದರಂತೆ. ಮಂದೆ ಅವನ ಬಳಿಯೇ ಇತ್ತು.